ಹೊಂಬಾಳಮ್ಮನ ರೇಡಿಯೊ

ನಾನು ಈ ಊರಿಗೆ ಸೊಸೆಯಾಗಿ ಬಂದ ದಿನ ಹೊಸ್ತಿಲ ಮೇಲಿನ ಅಕ್ಕಿಸೇರನ್ನು ಕಾಲಲ್ಲಿ ಉರುಳಿಸಿ ಒಳಗೆ ಬಂದೆ, ದೇವರ ಮುಂದೆ ದೀಪ ಹಚ್ಚಿದೆ, ಹಿರಿಯರ ಕಾಲಿಗೆ ಬಿದ್ದೆ. ಇಷ್ಟೆಲ್ಲ ಮುಗಿದ ಮೇಲೆ ನೆರೆದಿದ್ದ ಹೆಂಗಸರು ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡು ನಿಂತು ನಮ್ಮತ್ತೆ ಹೊಂಬಾಳಮ್ಮನವರ ಮುಖ ನೋಡತೊಡಗಿದರು. ಈಗ ಅತ್ತೆಯಾದವಳು ಸೊಸೆಯ ಕೈಯನ್ನು ಮಿಕ್ಸಿಯ ಗುಂಡಿಯ ಮೇಲೆ ಇಡಿಸಿ, ಅದರ ಮೇಲೆ ತನ್ನ ಕೈ ಇಟ್ಟು, ಈ ಸಾಮಾನು ತನಗೆ ಯಾರ ಕೈಯಿಂದ ಬಂತು ಎಂದು ನಾಲ್ಕು ಜನ ಕೇಳುವ ಹಾಗೆ ಹೇಳಬೇಕಿತ್ತು. ನನಗೆ ಅದೊಂದೂ ಗೊತ್ತಿರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, "ಊಟಕ್ಕೇಳ್ರವ್ವ, ಹೊತ್ತಾಯ್ತು," ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಊಟಕ್ಕೆ ಎದ್ದರು. ಅವತ್ತಿನಿಂದ ನನಗೆ ಬರಿಗೈ ಸೊಸೆ ಎಂಬ ಹೆಸರು ಬಿತ್ತು.

ನನ್ನ ತವರಿನಲ್ಲಿ ಯಾರು ಬೇಕಾದರೂ ಯಾವ ಸ್ವಿಚ್ಚನ್ನಾದರೂ ಒತ್ತಬಹುದಿತ್ತು. ಅದನ್ನು ಹೇಳಿದರೆ ಇಲ್ಲಿಯವರು ಮೂಗು ಮುರಿಯುತ್ತಿದ್ದರು. "ಕಂಡೋರ್ ಕೈಗೆಲ್ಲ ಉರಿಯೋ ದೀಪ ಅಂದ್ರೆ ಅದೆಂಥಾ ದೀಪನವ್ವ, ಮಾನ ಇಲ್ದಿದ್ದು," ಎನ್ನುತ್ತಿದ್ದರು. ಈ ಊರಿನ ಕರೆಂಟಿನ ಸಾಮಾನುಗಳು ರೂಢಿಯಾದ ಕೈಗೆ ಮಾತ್ರ ಹಾಲು ಬಿಡುವ ಹಸುವಿನ ಹಾಗೆ. ಅಂಗಡಿಯಿಂದ ತಂದ ಹೊಸ ಸಾಮಾನು ಮೊದಲು ಮುಟ್ಟಿದ ಕೈಗೆ ಒಲಿಯುತ್ತದೆ. ಆಮೇಲೆ ಅದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಕೆಳಗೆ ಹೊಸ ಕೈ, ಮೇಲೆ ಹಳೇ ಕೈ ಇಟ್ಟು ಕೂತು ದಾಟಿಸಬೇಕು. ದಾಟಿದ ಮೇಲೆ ಹಿಂದಿನ ಕೈಯನ್ನು ಅದು ಗುರುತು ಹಿಡಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಲಾಡ್ಜಿನಲ್ಲಿ ಫ್ಯಾನು ಹಾಕಿ ಕೊಡಲು ಮಾಲೀಕನೇ ಮಹಡಿ ಹತ್ತುತ್ತಾನೆ. ಬ್ಯಾಂಕಿನ ಮ್ಯಾನೇಜರಿಗೆ ವರ್ಗವಾದರೆ ಬೀಗದ ಕೈ ಕೊಡುವುದಕ್ಕಿಂತ ಟ್ಯೂಬ್‌ಲೈಟು ದಾಟಿಸುವುದೇ ಅವರಿಗೆ ದೊಡ್ಡ ಕೆಲಸ. ಹೆಂಡತಿ ಕೋಪ ಮಾಡಿಕೊಂಡು ತವರಿಗೆ ಹೋದ ಮನೆಯಲ್ಲಿ ಎಂಥಾ ಜಂಬದ ಗಂಡನೂ ಎರಡನೇ ದಿನಕ್ಕೆ ಬಸ್ಸು ಹತ್ತುತ್ತಾನೆ.

ದಾಟಿಸದೆ ಯಾರಾದರೂ ಸತ್ತರೆ ಆ ಸಾಮಾನಿನ ಕೈ ಸತ್ತಿತು ಎನ್ನುತ್ತಾರೆ. ಕೈ ಸತ್ತ ಸಾಮಾನನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಸತ್ತವರ ಹಳೇ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ. ನಮ್ಮ ಬೀದಿಯ ಕೆಂಗಣ್ಣಪ್ಪ ಹೆಂಡತಿ ಹೋದ ಮೇಲೆ ಅವಳ ಸೀರೆಯುಟ್ಟು, ಕುಂಕುಮ ಇಟ್ಟುಕೊಂಡು ಗ್ರೈಂಡರಿನ ಮುಂದೆ ಕೂತಿದ್ದನಂತೆ. ಹಾಲು ಕರೆಯುವವಳು ಊರಲ್ಲಿ ಇಲ್ಲದಾಗ ಅವಳ ಸೀರೆಯುಟ್ಟು ಹಸು ಕರೆಯುತ್ತಾರಲ್ಲ, ಹಾಗೆ. ಹಸು ಮೋಸ ಹೋಗುತ್ತದೆ. ಗ್ರೈಂಡರು ಮೋಸ ಹೋಗಲಿಲ್ಲ. ಜನ ಅವನನ್ನು ನೋಡಿ ನಕ್ಕರು, ಆಮೇಲೆ ಅವನ ಮನೆಗೆ ದಿನವೂ ಯಾರೋ ಒಬ್ಬರು ರುಬ್ಬಿದ ಹಿಟ್ಟು ಕಳಿಸತೊಡಗಿದರು.

ನಮ್ಮತ್ತೆ ಮಿಕ್ಸಿಯನ್ನು ಮಗಳು ಸುಲೋಚನಳಿಗೆ ದಾಟಿಸಿದರು. ಅವಳನ್ನು ಇದೇ ಊರಿಗೆ, ಎರಡು ಬೀದಿ ಆಚೆ ಕೊಟ್ಟಿತ್ತು. ಮನೆಯ ದೀಪಗಳು, ಇಸ್ತ್ರಿ ಪೆಟ್ಟಿಗೆ, ಬಚ್ಚಲ ಹಂಡೆಯ ಕಾಯಿಲು ಎಲ್ಲ ಮಗನ ಕೈಗೆ ಹೋದವು. ನಾನು ಒರಳಲ್ಲಿ ರುಬ್ಬಿದೆ. ಸಂಜೆ ಸೈಕಲ್ ಶಾಪಿನಿಂದ ನಮ್ಮ ಯಜಮಾನರು ಬಂದು ದೀಪ ಹಾಕುವವರೆಗೆ ಒಲೆಯ ಬೆಳಕಿನಲ್ಲೇ ಕೆಲಸ ನೋಡಿದೆ. ಅವರು ಒಮ್ಮೆ ಹೊಸ ಮಿಕ್ಸಿ ತಂದು, ಪೆಟ್ಟಿಗೆ ಬಿಚ್ಚಿ ನನ್ನ ಮುಂದೆ ಇಟ್ಟು, "ಮುಟ್ಟೇ, ನಿಂದಾಗ್ತದೆ," ಎಂದರು. "ಕೊಂಡಿದ್ದು ಎಲ್ಲಾರ್ಗೂ ಸಿಗ್ತದೆ. ನಂಗೆ ಕೊಟ್ಟಿದ್ದು ಬೇಕು," ಎಂದೆ. ಅವರು ತಾವೇ ಮುಟ್ಟಿದರು. ಅಂದಿನಿಂದ ಚಟ್ನಿ ರುಬ್ಬುವುದು ಅವರ ಪಾಲಿಗೆ ಬಂತು. ಹೀಗೆ ವರ್ಷಗಳು ಹೋದವು. ಕೊಡದೇ ಇದ್ದದ್ದು ಅತ್ತೆಯ ಹಟ, ಕೊಳ್ಳದೇ ಇದ್ದದ್ದು ನನ್ನ ಹಟ. ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತ ಅದನ್ನು ಸಾಕಿದೆವು.

ಅತ್ತೆ ಕೊನೆಯವರೆಗೆ ಯಾರಿಗೂ ಬಿಡದೆ ಇಟ್ಟುಕೊಂಡದ್ದು ರೇಡಿಯೊ ಒಂದನ್ನೇ. ತೇಗದ ಪೆಟ್ಟಿಗೆ, ಮುಂದೆ ಗೋಣಿನೂಲಿನಂಥ ಬಟ್ಟೆ, ಹಳೇ ಹಲ್ಲಿನ ಹಾಗೆ ಹಳದಿಗಟ್ಟಿದ ಎರಡು ಗುಂಡಿ. ಸ್ಟೇಷನ್ನಿನ ಪಟ್ಟಿಯ ಹಿಂದಿನ ಸಣ್ಣ ಬಲ್ಬು ಯಾವತ್ತೋ ಸುಟ್ಟುಹೋಗಿತ್ತು. ಹಾಡು ಬರುವಾಗ ಮಾತ್ರ ಮೇಲ್ಗಡೆ ಬೆಕ್ಕಿನ ಕಣ್ಣಿನ ಹಾಗೆ ಒಂದು ಹಸಿರು ಬೆಳಗುತ್ತಿತ್ತು. ಅತ್ತೆ ಸಂಜೆ ಕೈಕಾಲು ತೊಳೆದು ಬಂದು ಗುಂಡಿ ತಿರುಗಿಸಿ ಅದರ ಮೇಲೆ ಎಡಗೈ ಇಟ್ಟು, ಬಲಗೈಯಲ್ಲಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಳ್ಳುವರು. ಅಷ್ಟಾಗುವಾಗ ರೈತರ ಕಾರ್ಯಕ್ರಮದ ದನಿ ಮೆಲ್ಲಗೆ ಬರುತ್ತಿತ್ತು. "ಹೊಂಬಾಳವ್ವ ಎಲೆ ಹಾಕ್ಕಳೋಗಂಟ ರೇಡಿಯೊ ಬಾಯ್ ಬಿಡಲ್ಲ," ಎಂದು ಬೀದಿಯವರು ಹೇಳುತ್ತಿದ್ದರು. ಅಷ್ಟು ಭಯಭಕ್ತಿ ಇಟ್ಟುಕೊಂಡ ಸಾಮಾನು ಇನ್ನೊಂದಿಲ್ಲ ಎಂಬುದು ಊರಿನ ಮಾತಾಗಿತ್ತು. ನನಗೆ ಅದು ಅತ್ತೆಯ ಠೇಂಕಾರದ ಹಾಗೆ ಕಾಣುತ್ತಿತ್ತು. ಆ ಪೆಟ್ಟಿಗೆಯ ಧೂಳನ್ನು ಕೂಡ ಅವರು ನನಗೆ ಒರೆಸಲು ಬಿಡುತ್ತಿರಲಿಲ್ಲ.

ಕೊನೆಯ ಮಳೆಗಾಲದಲ್ಲಿ ಅತ್ತೆಗೆ ಕೂರುವುದಕ್ಕೂ ಆಗದಾಯಿತು. ಸಂಜೆ ನಾನು ಹಿಂದಿನಿಂದ ಆತುಕೊಂಡು ಅವರನ್ನು ರೇಡಿಯೊ ಮುಂದೆ ಕೂರಿಸಬೇಕಿತ್ತು. "ಕೈ ನಡುಗ್ತದೆ. ಹಿಡ್ಕೊ ಬಾ," ಎಂದು ನನ್ನ ಕೈಯನ್ನು ಎಳೆದು ಗುಂಡಿಯ ಮೇಲೆ ಇಡಿಸಿ ಅದರ ಮೇಲೆ ತಮ್ಮ ಕೈ ಊರಿಕೊಳ್ಳುತ್ತಿದ್ದರು. ಊರುಗೋಲನ್ನು ಹಿಡಿದ ಹಾಗೆಯೇ ಹಿಡಿಯುತ್ತಿದ್ದರು. ಮಾತಿಲ್ಲ. ಎಲೆ ಮಡಚಲು ಆಗದೆ ಸುಮ್ಮನೆ ಕೂರುವರು, ನಾನು ಅವರ ಬೆನ್ನಿನ ಎಲುಬು ನನ್ನ ಎದೆಗೆ ಒತ್ತುವುದನ್ನು ತಡೆದುಕೊಂಡು ಕೂರುವೆನು. ರೇಡಿಯೊ ಬರುತ್ತಿತ್ತು.

ಒಂದು ಮಧ್ಯಾಹ್ನ ಸೊಸೈಟಿಯಿಂದ ಅಕ್ಕಿ ತರುವುದು ತಡವಾಯಿತು. ಬಂದು ನೋಡಿದರೆ ಅತ್ತೆ ಹೇಗೋ ತೆವಳಿಕೊಂಡು ಬಂದು ಗೋಡೆಗೆ ಒರಗಿ, ರೇಡಿಯೊ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ರೇಡಿಯೊ ಸುಮ್ಮನಿತ್ತು. "ಯಾಕ್ ಅತ್ತೆ?" ಎಂದೆ. "ಕರೆಂಟಿಲ್ಲ," ಎಂದರು, ನನ್ನ ಮುಖ ನೋಡದೆ. ಪಕ್ಕದ ಸಂದಿಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿತ್ತು, ಅದರ ಬೆಲ್ಟು ಪಟಪಟ ಹೊಡೆದುಕೊಳ್ಳುವುದು ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಗಿರಣಿಗೆ ಬೇರೆ ಲೈನಿರಬಹುದು ಎಂದುಕೊಂಡೆ. ಅಕ್ಕಿ ಇಳಿಸಿ ಬಂದು ಕೂತ ಮೇಲೆ ನನ್ನ ಕೈ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಹಾಡು ಬಂತು. "ಈಗ ಬಂತು ನೋಡು," ಎಂದರು.

ಅವರು ತೀರಿಕೊಂಡು, ತಿಥಿ ಮುಗಿದು, ನೆಂಟರೆಲ್ಲ ಹೋದ ಮೇಲೆ ನಾನು ಯಾರೂ ಇಲ್ಲದ ಹೊತ್ತಿನಲ್ಲಿ ರೇಡಿಯೊ ಮುಂದೆ ನಿಂತೆ. ಕೈ ಸತ್ತ ಸಾಮಾನು ಮುಟ್ಟಬಾರದು ಎಂದು ಗೊತ್ತಿತ್ತು. ಆದರೂ ಮುಟ್ಟಿದೆ. ಗುಂಡಿ ಟಕ್ ಎಂದು ತಿರುಗಿತು. ದನಿ ಬರಲಿಲ್ಲ. ಇನ್ನೇನು ಎಂದುಕೊಂಡು ವಾಪಸು ತಿರುಗಿಸಿ ಕೈ ತೆಗೆದೆ. ಒಂದು ಸಲ ರೆಪ್ಪೆ ಬಡಿಯುವಷ್ಟು ಹೊತ್ತೂ ಆಗಿರಲಿಲ್ಲವೇನೋ. ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿದ್ದುದರಿಂದ ಅಷ್ಟು ಹೊತ್ತು ಸಾಕಾಗಿತ್ತು. ಅತ್ತೆಯ ನೀಲಿ ಸೀರೆಯಲ್ಲಿ ಸುತ್ತಿ ಯಜಮಾನರ ಕೈಲಿ ಅಟ್ಟಕ್ಕೆ ಹಾಕಿಸಿದೆ.

ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ ಪುರಸಭೆ ಅಧ್ಯಕ್ಷ ಪಾಲಾಕ್ಷಪ್ಪನವರು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಜಗುಲಿಯ ಮೇಲೆ ಕೂತು, ಟವೆಲಿನಲ್ಲಿ ಕತ್ತು ಒರೆಸಿಕೊಂಡು, "ವಿಶಾಲಮ್ಮ, ಒಂದ್ ಮಾತು. ಬೇಜಾರ್ ಮಾಡ್ಕಾಬಾರ್ದು," ಎಂದರು.

"ಕಾಫಿ ಕುಡೀರಿ. ಆಮೇಲೆ ಬೇಜಾರ್ ಮಾಡಿಸೋರಂತೆ," ಎಂದೆ.

ಅವರು ಕಾಫಿ ಕುಡಿಯುತ್ತ ದೂರದಿಂದ ಸುತ್ತಿಕೊಂಡು ಬಂದರು. "ಸಿಟೀಲಿ ಒಂದ್ ಮ್ಯೂಸಿಯಂ ನೋಡ್ದೆ ಕಣಮ್ಮ. ಹಳೇ ಕಾಲದ್ ಫ್ಯಾನು, ಫೋನು, ಎಲ್ಲಾ ಗಾಜಿನ್ ಪೆಟ್ಟಿಗೇಲಿ. ಮುಂದೊಂದು ಬೋರ್ಡು, ಮುಟ್ಟಬೇಡಿ ಅಂತ. ಮುಟ್ದಲೇ ಇದ್ರೆ ಅದು ಫ್ಯಾನು ಅಂತ ಯಾಕ್ ಅನ್ನಿಸ್ಕಬೇಕು, ನೀನೇ ಹೇಳು. ನಮ್ಮೂರಲ್ಲಿ ಮುಟ್ಟೋ ಮ್ಯೂಸಿಯಂ ಮಾಡಣ ಅಂತ. ಎಣ್ಣೆ ಮಿಲ್ಲಿನ್ ಶೆಡ್ಡು ಖಾಲಿ ಬಿದ್ದೈತೆ. ಹಳೇ ಕೈಗಳು ಒಂದೊಂದೇ ಹೋಯ್ತಾ ಅವೆ. ಇರೋರು ಇರೋವಾಗ್ಲೇ ಎಲ್ಲಾ ಸಾಮಾನೂ ಒಂದ್ ಕೈಗೆ ದಾಟಿಸ್ಕಂಡ್ರೆ ಉಳ್ಕಂತವೆ. ಅದಕ್ಕೆ ಎಂಥಾ ಕೈ ಬೇಕಂದ್ರೆ..." ಎಂದು ಲೋಟದೊಳಗೆ ನೋಡಿದರು.

"ಬರಿಗೈ," ಎಂದೆ.

"ಇನ್ಯಾರ್ದೂ ಇಲ್ಲ ಕಣಮ್ಮ ಊರಲ್ಲಿ. ಹುಡುಕಿಸ್ದೆ. ತೊಟ್ಲಲ್ಲಿರೋ ಕೂಸಿಗೂ ಒಂದ್ ಟಾರ್ಚ್ ಐತೆ."

ಒಳಗಿನಿಂದ ಮಿಕ್ಸಿಯ ಸದ್ದು ನಿಂತಿತು. ಯಜಮಾನರು ಚಟ್ನಿಯ ಕೈಯಲ್ಲೇ ಹೊರಗೆ ಬಂದು, "ಮನೇಲಿ ಒಂದ್ ಬಲ್ಬೂ ಮುಟ್ಟದೋಳು ಊರ್ ಸಾಮಾನೆಲ್ಲ ಮುಟ್ತಾಳಾ ಸಾರ್? ಕೇಳಿ ನೋಡಿ, ನಂಗೂ ಗೊತ್ತಾಗ್ಲಿ," ಎಂದರು.

ನಾನು ಒಪ್ಪಿದೆ. ಯಾಕೆಂದರೆ ಅವು ಕೊಂಡವಲ್ಲ, ಕೊಟ್ಟವು. ಮನೆಯವರು ಕೊಡದಿದ್ದದ್ದನ್ನು ಊರು ಕೊಡುವುದಾದರೆ ಬೇಡವೆನ್ನಲು ನನಗೆ ಕಾರಣ ಕಾಣಲಿಲ್ಲ. ಅಟ್ಟದ ಮೇಲಿನ ರೇಡಿಯೊವನ್ನೂ ಶೆಡ್ಡಿಗೆ ಕಳಿಸಿದೆ. ಕೈ ಸತ್ತ ಸಾಮಾನುಗಳಿಗೆಂದು ಪಾಲಾಕ್ಷಪ್ಪನವರು ಹಿಂದಿನ ಗೋಡೆಗೆ ಕಲ್ಲಿನ ಹಲಗೆ ಹಾಕಿಸಿದ್ದರು. ಅಲ್ಲಿ ಕೆಂಗಣ್ಣಪ್ಪನ ಗ್ರೈಂಡರಿನ ಪಕ್ಕ, ನೀಲಿ ಸೀರೆ ಸುತ್ತಿಕೊಂಡೇ ಅದು ಕೂತಿತು.

ಶೆಡ್ಡಿನಲ್ಲಿ ಇನ್ನೂ ಕಡಲೆಕಾಯಿ ಹಿಂಡಿಯ ವಾಸನೆ ಇತ್ತು. ಎಷ್ಟು ತೊಳೆದರೂ ನೆಲ ಎಣ್ಣೆ ಬಿಡುತ್ತಿತ್ತು. ಜನ ಎತ್ತಿನ ಗಾಡಿಯಲ್ಲಿ, ತಳ್ಳುಗಾಡಿಯಲ್ಲಿ, ತಲೆಯ ಮೇಲೆ ಸಾಮಾನು ತಂದರು. ಹಿತ್ತಾಳೆ ರೆಕ್ಕೆಯ ಟೇಬಲ್ ಫ್ಯಾನು, ಊರಿಗೆಲ್ಲ ಹೊತ್ತು ಹೇಳುತ್ತಿದ್ದ ಸೈರನ್ನು, ಎಣ್ಣೆ ಮಿಲ್ಲಿನದೇ ಕಬ್ಬಿಣದ ಹಿಡಿಯ ಸ್ಟಾರ್ಟರು, ಒಬ್ಬ ಡಾಕ್ಟರ ಮಗ ತಂದ, ಗಾಜಿನ ಕೊಳವೆಯಲ್ಲಿ ನೇರಳೆ ಬೆಳಕು ಕುಣಿಯುವ, ಯಾವ ರೋಗಕ್ಕೆಂದು ಅವನಿಗೂ ಗೊತ್ತಿಲ್ಲದ ಒಂದು ಪೆಟ್ಟಿಗೆ. ನೋಡಲು ಬಂದವರು ಮುಟ್ಟುವುದು ಹೇಗೆ ಎಂಬುದಕ್ಕೆ ಪಾಲಾಕ್ಷಪ್ಪನವರೇ ದಾರಿ ಹೇಳಿದ್ದರು. ಕೆಳಗೆ ನನ್ನ ಕೈ, ಮೇಲೆ ಬಂದವರ ಕೈ. ನನ್ನ ಕೈಗೆ ಅದು ನಡೆಯುತ್ತದೆ, ನಡೆದದ್ದು ಅವರ ಅಂಗೈಗೆ ತಿಳಿಯುತ್ತದೆ. ದಾಟುವಾಗ ಹೊಸ ಕೈ ಕೆಳಗೆ ಇರಬೇಕಾದ್ದರಿಂದ ಹೀಗೆ ಯಾರೂ ಸಾಮಾನನ್ನು ದಾಟಿಸಿಕೊಂಡು ಹೋಗುವಂತಿರಲಿಲ್ಲ.

ಮೊದಲು ದಾಟಿಸಲು ಕೂತವರು ಸರ್ವಕ್ಕ. ಊರಿನ ಟೆಲಿಫೋನ್ ಬೋರ್ಡು ನೋಡಿಕೊಳ್ಳುತ್ತಿದ್ದವರು. ಎಕ್ಸ್‌ಚೇಂಜು ಮುಚ್ಚಿದಾಗ ಬೋರ್ಡು ಬೇರೆ ಯಾರ ಕೈಗೂ ಬಾರದೆಂದು ಅವರ ಮನೆಗೇ ಬಿಟ್ಟುಹೋಗಿದ್ದರು. ಅವರು ಈಗಲೂ ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದ, "ನಂಬರ್ ಪ್ಲೀಸ್," ಎನ್ನುತ್ತಿದ್ದರು. ಬರಿಗೈಗೆ ಸಾಮಾನು ಒಂದು ಬೆಳಗಿನಲ್ಲಿ ದಾಟುತ್ತದೆ ಎಂಬುದು ಇಲ್ಲಿಯ ಲೆಕ್ಕ. ಸರ್ವಕ್ಕ ನನ್ನ ಕೈ ಮೇಲೆ ಕೈ ಇಟ್ಟು, ಯಾರಿಂದ ಬಂತು ಎಂದು ಹೇಳಿ, ಊರಿನ ಹಳೇ ಫೋನುಗಳ ಕಥೆಯನ್ನೆಲ್ಲ ಹೇಳಿ ಮುಗಿಸಿ, ಮಧ್ಯಾಹ್ನದ ಬುತ್ತಿ ಬಿಚ್ಚಿದರೂ, ಕರೆ ಬಂದಾಗ ತೆರೆದು ಬೀಳುವ ಬೋರ್ಡಿನ ಪುಟ್ಟ ಬಾಗಿಲುಗಳು ನನ್ನ ಕೈಗೆ ಬೀಳಲಿಲ್ಲ. ಮಾರನೆಯ ದಿನವೂ ಇಲ್ಲ. ಅದರ ಮಾರನೆಯ ದಿನ ಒಂದು ಬಾಗಿಲು ಮೈ ಮುರಿದ ಹಾಗೆ ಸ್ವಲ್ಪ ಅಲುಗಿತು.

ಸರ್ವಕ್ಕ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. "ವಿಶಾಲು, ಬರಿಗೈ ಅಂದ್ರೆ ಒಣಗಿದ್ ಬಟ್ಟೆ ಇದ್ದಂಗೆ. ನೀರು ಸೋಕಿದ್ ತಕ್ಷಣ ಹೀರ್ಕಬೇಕು. ನಿಂದು ಆಗ್ಲೇ ಒದ್ದೆ ಐತೆ ಕಣೆ."

"ನನ್ ಕೈಲಿ ಏನೂ ಇಲ್ಲ ಸರ್ವಕ್ಕ. ಊರಿಗೇ ಗೊತ್ತು."

"ಊರಿಗೆ ಗೊತ್ತಿರೋದು ನಂಗೂ ಗೊತ್ತು. ಬೋರ್ಡಿಗೆ ಬೇರೆ ಗೊತ್ತಿದ್ದಂಗೈತೆ," ಎಂದು ಅವರು ಬುತ್ತಿ ಡಬ್ಬಿ ಮುಚ್ಚಿದರು.

ಮಾತು ಶೆಡ್ಡಿನಲ್ಲಿ ನಿಲ್ಲಲಿಲ್ಲ. ವಿಶಾಲಮ್ಮ ಕದ್ದು ಏನೋ ಇಟ್ಟುಕೊಂಡಿದ್ದಾಳೆ ಎಂದಾಯಿತು. ಇಷ್ಟು ವರ್ಷ ಒರಳು ತಿರುಗಿಸಿದ್ದೆಲ್ಲ ಅತ್ತೆಯ ಹೆಸರು ಕೆಡಿಸಲು ಎಂದಾಯಿತು. ನಲ್ಲಿಯ ಹತ್ತಿರ ಒಬ್ಬಳು, "ಸೀರೆ ಒಳಗೆ ಮಿಕ್ಸಿ ಇಟ್ಕಂಡ್ ತಿರುಗ್ತಾಳೇನೋ," ಎಂದಳು, ಉಳಿದವರು ನಕ್ಕರು. ನಾದಿನಿ ಸುಲೋಚನ ಮನೆಗೇ ಬಂದು ಬಾಗಿಲಲ್ಲಿ ನಿಂತುಕೊಂಡು, "ಅತ್ತಿಗೆ, ನಮ್ಮವ್ವ ಬದುಕಿರೋಗಂಟ ನಿನ್ನಿಂದ ಮಾತು ಕೇಳಿದ್ಲು. ಇದ್ರೆ ಇದೆ ಅನ್ನು. ಸತ್ತೋಳಿಗಾದ್ರೂ ಬಿಡುಗಡೆ ಆಗ್ಲಿ," ಎಂದು ಹೇಳಿ ಹೋದಳು. ನನಗೆ ಈ ಊರಿನಲ್ಲಿ ಆಸ್ತಿ ಎಂದು ಇದ್ದದ್ದು ಆ ಬರಿಗೈ ಒಂದೇ. ಏನೂ ಕೊಡಿಸಿಕೊಳ್ಳದವಳು ಎಂಬ ಮಾತಿನ ಮೇಲೆ ನಾನು ತಲೆಯೆತ್ತಿ ನಡೆದಿದ್ದೆ. ಅದೂ ಸುಳ್ಳು ಎಂದಾದರೆ ನಾನು ಯಾರು ಎಂದು ನನಗೇ ಹೇಳಲು ಬರುತ್ತಿರಲಿಲ್ಲ.

ಪಾಲಾಕ್ಷಪ್ಪನವರು ಸಿಟ್ಟಾಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಕಳಚುತ್ತ, "ನಾಳಿದ್ದು ಬಾಗ್ಲು ತೆಗೀಬೇಕು ಕಣಮ್ಮ, ಡಂಗುರ ಹಾಕ್ಸಿದ್ದೀನಿ. ಹಿಂಗೇ ನಿಧಾನ ಆದ್ರೆ ಮೇಲಿನ್ ಬೀದಿಗೆ ಹೊಸ್ದಾಗಿ ಬಂದಿರೋ ಸೊಸೆ ಕೈ ನೋಡ್ಬೇಕಾಗ್ತದೆ. ಅವ್ಳ್ಗೆ ಬರೀ ಒಂದ್ ಗೀಸರ್ರು. ಏನಾರಾ ಇದ್ರೆ ನನ್ ಕಿವೀಲಿ ಹೇಳ್ಬಿಡು, ನಾನ್ ಬಾಯ್ ಬಿಡಲ್ಲ," ಎಂದರು.

"ಇದ್ರೆ ಡಂಗುರ ಹೊಡಿಯೋನ್ ಕೈಲೇ ಹೇಳಿಸ್ತೀನಿ," ಎಂದೆ.

ಅವತ್ತೇ ದಸ್ತಗೀರ್ ಸಾಬರು ಆಂಪ್ಲಿಫೈಯರು ತಂದರು. ಒಂದು ಕಾಲಕ್ಕೆ ಟೆಂಟ್ ಸಿನಿಮಾಕ್ಕೂ ಮದುವೆಗಳಿಗೂ ಅವರದೇ ಮೈಕು. ದೊಡ್ಡ ಉಮ್ಮತ್ತಿ ಹೂವಿನಂಥ ಸ್ಪೀಕರನ್ನು ತೊಲೆಗೆ ಕಟ್ಟಿ, ಗ್ರಾಮಫೋನ್ ತಟ್ಟೆಯ ಮೇಲೆ ಪ್ಲೇಟು ಇಟ್ಟು, ಗೋಣಿಚೀಲ ಹಾಸಿ ನನ್ನನ್ನು ಕೂರಿಸಿದರು. ಕೆಳಗೆ ನನ್ನ ಕೈ, ಮೇಲೆ ಅವರ ಕೈ. ಬೆಳಿಗ್ಗೆಯಿಂದ ಕೂತೆವು. ಊಟದ ಹೊತ್ತಿಗೆ ಅವರು, "ನೋಡಣ, ಈಗ ನೀವೊಬ್ರೇ ಹಾಕಿ," ಎಂದು ಕೈ ತೆಗೆದು ಬೀಡಿ ಹುಡುಕತೊಡಗಿದರು.

ನಾನು ಸ್ವಿಚ್ಚು ಒತ್ತಿದೆ. ದನಿಯಿಲ್ಲ. ತಕ್ಷಣ ಆರಿಸಿಬಿಟ್ಟೆ. "ಇದೂ ಬರ್ಲಿಲ್ಲ ಸಾಬ್ರೆ. ಪಾಲಾಕ್ಷಪ್ಪನೋರ್ಗೆ ಹೇಳಿಕಳಿಸಿ, ಆ ಹುಡುಗೀನೇ ಕರೀಲಿ," ಎಂದೆ.

ಸಾಬರು ಹಚ್ಚದ ಬೀಡಿಯನ್ನು ಬಾಯಿಂದ ತೆಗೆದರು. "ಅಯ್ಯೋ ತಾಯಿ, ಯಾಕ್ ಆರಿಸಿದ್ರಿ? ಅದ್ರ ಹೊಟ್ಟೆ ಇನ್ನೂ ತಣ್ಣಗೈತೆ. ಒಳಗಿನ್ ಗಾಜಿನ್ ವಾಲ್ವು ಬಿಸಿ ಆಗ್ಬೇಡ್ವಾ? ಒಲೆ ಹಚ್ಚಿದೇಟ್ಗೇ ಮುದ್ದೆ ಬೇಯ್ತದಾ ನಿಮ್ಮನೇಲಿ?"

ಇನ್ನೊಮ್ಮೆ ಒತ್ತಿದೆ. ಅವರು ಬೀಡಿ ಹಚ್ಚಿದರು. ಎರಡು ದಮ್ಮು ಎಳೆಯುವಾಗ ಸ್ಪೀಕರಿನಲ್ಲಿ ಜೇನುಹುಳದಂಥ ಗುಂಯ್ ಹುಟ್ಟಿತು. ಸಾಬರು ಮುಳ್ಳು ಇಳಿಸಿದರು. ಯಾವುದೋ ಹಳೇ ಕಾಲದ ಹೆಂಗಸಿನ ದನಿ ಶೆಡ್ಡಿನ ತಗಡನ್ನೆಲ್ಲ ಅದುರಿಸುತ್ತ ಹೊರಟಿತು. ತೊಲೆಯ ಮೇಲಿನ ಪಾರಿವಾಳಗಳು ಎದ್ದು ಹೋದವು.

"ದಾಟೈತೆ, ನೋಡಿ. ನಿಧಾನಕ್ಕೆ ದಾಟ್ತು ಅಷ್ಟೆ," ಎಂದರು ಸಾಬರು. "ನಂಗೂ ಇದೇ ಪಾಡಾಗಿತ್ತು. ಟೆಂಟ್ನಾಗೆ ನಾನು ಸ್ವಿಚ್ ಹಾಕೋದು, ದನಿ ಬರಾಕಿಲ್ಲ, ಜನ ಶಿಳ್ಳೆ ಹೊಡ್ಯೋದು, ಸಾಬಿ ಕೈ ಹೋಯ್ತು ಅಂತ. ಅದಕ್ಕೇ ಬೀಡಿ ಹಚ್ಚೋದು ಕಲ್ತೆ. ಸಾಬಿ ಬೀಡಿ ಸೇದ್ತಾವ್ನೆ ಅಂತ ಸುಮ್ಕಿರ್ತಿದ್ರು."

"ಎಲ್ಲಾ ವಾಲ್ವಿನ್ ಸಾಮಾನೂ ಹಿಂಗೇನಾ ಸಾಬ್ರೆ?"

"ಎಲ್ಲಾವೂ. ಹಳೇ ರೇಡಿಯೊಗಳಂತೂ ಇನ್ನೂ ಸೋಮಾರಿ."

ಪ್ಲೇಟು ಮುಗಿಯಿತು. ಅವರು ಕಾಲು ಜೋಮು ಹಿಡಿದಿದೆ ಎಂದು ಎದ್ದು ಟೀ ಕುಡಿಯಲು ಹೋದರು. ನನಗೆ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದುದು ನೆನಪಾಗುತ್ತಿತ್ತು. ಎದ್ದು ಹಿಂದಿನ ಗೋಡೆಗೆ ಹೋಗಿ ನೀಲಿ ಸೀರೆ ಬಿಚ್ಚಿದೆ. ಪೆಟ್ಟಿಗೆಯನ್ನು ಎದೆಗವಚಿಕೊಂಡು ತಂದು ಬೆಂಚಿನ ಮೇಲಿಟ್ಟು, ವೈರು ಸಿಕ್ಕಿಸಿ, ಗುಂಡಿ ತಿರುಗಿಸಿದೆ. ಟಕ್ ಎಂದಿತು. ದನಿಯಿಲ್ಲ. ಈ ಸಲ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಮಾಡಲು ಏನೂ ಇಲ್ಲದೆ ಸೀರೆಯನ್ನು ಮಡಚತೊಡಗಿದೆ, ಒಂದು ಕೈಯಲ್ಲಿ ಮಡಚಲು ಬಾರದೆ ಅದು ನೆಲಕ್ಕೆ ಜಾರಿತು. ಬಗ್ಗಿ ಎತ್ತಿಕೊಳ್ಳುವಾಗ ಬಿಸಿಯಾದ ಧೂಳಿನ ವಾಸನೆ ಬಂತು. ತಲೆಯೆತ್ತಿದರೆ ಹಸಿರು ಕಣ್ಣು ಸ್ವಲ್ಪವೇ ತೆರೆದಿತ್ತು. ಆಮೇಲೆ ಒಬ್ಬ ಗಂಡಸು, ಪಕ್ಕದ ಕೋಣೆಯಲ್ಲಿದ್ದವನು ನಡೆದುಕೊಂಡು ಹತ್ತಿರ ಬಂದ ಹಾಗೆ, ಈರುಳ್ಳಿಯನ್ನು ಹಸಿ ನೆಲದ ಮೇಲೆ ಹರಡಬಾರದು ಎಂದು ಹೇಳತೊಡಗಿದ.

ಸಾಬರು ಟೀ ಲೋಟ ಹಿಡಿದುಕೊಂಡು ಬಂದು ನಿಂತರು. ನನ್ನನ್ನೂ ರೇಡಿಯೊವನ್ನೂ ನೀಲಿ ಸೀರೆಯನ್ನೂ ನೋಡಿದರು. ಇನ್ನೊಂದು ಲೋಟ ಟೀ ತರಲು ತಿರುಗಿ ಹೋದರು.

ಸಂಜೆ ಯಜಮಾನರು ಬಂದು ಕೇಳಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತರು. ತಮ್ಮ ತಾಯಿಯ ರೇಡಿಯೊ ಹೆಂಡತಿಯ ಕೈಗೆ ಮಾತಾಡುವುದನ್ನು ಒಂದು ಕಾರ್ಯಕ್ರಮ ಮುಗಿಯುವವರೆಗೆ ಕೇಳಿದರು. "ಅಲ್ವೇ, ಒಂದ್ ಮಾತ್ ಹೇಳ್ಬಾರ್ದಾಗಿತ್ತಾ ಅವ್ವ?" ಎಂದರು. "ನಾನೂ ಕೇಳ್ಬೋದಾಗಿತ್ತು," ಎಂದೆ. ಸರ್ವಕ್ಕ ಮಾತ್ರ, "ನಾನ್ ಹೇಳ್ಲಿಲ್ವಾ ಒದ್ದೆ ಐತೆ ಅಂತ," ಎಂದು ಮೂರು ಜನರ ಹತ್ತಿರ ಹೇಳಿ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬೋರ್ಡಿನ ಮುಂದೆ ಕೂರಿಸಿದರು. ಉಳಿದ ಬಾಗಿಲುಗಳು ಒಂದೊಂದಾಗಿ ನನ್ನ ಕೈಗೆ ಬಿದ್ದವು. ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಫ್ಯಾನು, ಸೈರನ್ನು ಎಲ್ಲವೂ ಹಾಗೇ ದಾಟಿದವು.

ನಾನು ಹೇಳಿದ ಮಾತಿನಂತೆ ಡಂಗುರದವನು ಮರುದಿನ ಬೀದಿ ಬೀದಿಯಲ್ಲಿ ಹೊಂಬಾಳಮ್ಮನ ರೇಡಿಯೊ ಸೊಸೆಯ ಕೈಗೆ ದಾಟಿದೆ ಎಂದು ಸಾರಿದ. ಅದನ್ನು ಕೇಳಿದ ಜನ ತಮ್ಮ ತಮ್ಮ ಸತ್ತವರ ಸಾಮಾನು ನೋಡಲು ಶೆಡ್ಡಿಗೆ ಬಂದರು. ಕಲ್ಲಿನ ಹಲಗೆಯ ಮುಂದೆ ಸಾಲು ನಿಂತು, ಬಟ್ಟೆ ಬಿಚ್ಚಿ, ಬರಿಗೈ ಇಟ್ಟು ಕಾದರು. ಕೆಲವರು ಎಲೆ ಮಡಚಿದರು, ಕೆಲವರು ಬೀಡಿ ಹಚ್ಚಿದರು. ಇಸ್ತ್ರಿ ಪೆಟ್ಟಿಗೆಗೆ ವಾಲ್ವು ಇರುವುದಿಲ್ಲ ಎಂದು ದಸ್ತಗೀರ್ ಸಾಬರು ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಸುಮ್ಮನಾದರು. ಯಾವುದೂ ಏಳಲಿಲ್ಲ. ಕೆಂಗಣ್ಣಪ್ಪ ಗ್ರೈಂಡರಿನ ಮೇಲೆ ಕೈ ಇಟ್ಟುಕೊಂಡು, ಹಿಂದಿನವರು ಗೊಣಗುವವರೆಗೆ ನಿಂತಿದ್ದು, ಆಮೇಲೆ ಅದರ ಬಟ್ಟೆಯನ್ನು ಮೊದಲಿಗಿಂತ ಚೆನ್ನಾಗಿ ಸುತ್ತಿ ಹೋದ.

ಬಾಗಿಲು ತೆಗೆದ ದಿನ ಮಾವಿನ ತೋರಣ ಕಟ್ಟಿದ್ದರು. ಹೊರಗೆ "ಮುಟ್ಟಿ" ಎಂದು ಎರಡೇ ಅಕ್ಷರದ ಬೋರ್ಡು. ಪಾಲಾಕ್ಷಪ್ಪನವರ ಭಾಷಣ ಸೈರನ್ನಿನ ಕೂಗಿಗೆ ಅರ್ಧಕ್ಕೆ ನಿಂತಿತು, ಯಾರೋ ತಡೆಯಲಾರದೆ ನನ್ನ ಕೈಯನ್ನು ಅದರ ಮೇಲೆ ಎಳೆದು ಇಟ್ಟಿದ್ದರು. ಜನ ಫ್ಯಾನಿನ ಗಾಳಿಗೆ ಮುಖ ಒಡ್ಡಿದರು. ಸರ್ವಕ್ಕನ ಬೋರ್ಡಿನಲ್ಲಿ ಶೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ ಫೋನು ಮಾಡಿ, ಎದುರೆದುರು ಕಾಣುತ್ತಿದ್ದರೂ "ಯಾರು ಮಾತಾಡೋದು?" ಎಂದು ಕೇಳಿಕೊಂಡರು. ನನ್ನ ಕೈಯ ಹಿಂಬದಿ ಊರಿನ ಅಂಗೈಗಳೆಲ್ಲ ತಾಗಿ ಬೆವೆತಿತ್ತು.

ಸುಲೋಚನ ಎಲ್ಲರೂ ನೋಡಿ ಹೋದ ಮೇಲೆ ಬಂದಳು. ಉಳಿದ ಯಾವುದರ ಕಡೆಗೂ ನೋಡದೆ ರೇಡಿಯೊದ ಮುಂದೆ ನಿಂತಳು. ಅವಳು ಕೇಳಲಿಲ್ಲ, ಆದರೆ ಕೇಳಬೇಕಾದವಳು ಅವಳೇ ಆದ್ದರಿಂದ ನಾನು ರೂಢಿಯಂತೆ ಹೇಳಿದೆ. "ಇದು ನಂಗೆ ನಮ್ಮತ್ತೆ ಹೊಂಬಾಳಮ್ಮನೋರ ಕೈಯಿಂದ ಬಂತು." ಈ ಊರಿಗೆ ಬಂದ ಮೇಲೆ ಮನೆಯ ಸಾಮಾನಿನ ಮೇಲೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಅವಳು ನನ್ನ ಕೈ ಮೇಲೆ ಕೈ ಇಟ್ಟಳು. ತಾಯಿಯ ಕೈಯಂತೆಯೇ ಎಲುಬಿನ ಕೈ. ಗುಂಡಿ ತಿರುಗಿಸಿದೆ.

ದನಿ ಬರಲಿಲ್ಲ. ಹೊರಗೆ ತೋರಣದ ಎಲೆಗಳು ಗಾಳಿಗೆ ಉಜ್ಜಿಕೊಳ್ಳುತ್ತಿದ್ದವು. ಸುಲೋಚನ ಹಸಿರು ಕಣ್ಣು ಬೆಳಗದ ರೇಡಿಯೊವನ್ನೇ ನೋಡುತ್ತಿದ್ದಳು. ಅವಳ ಬೆರಳು ನನ್ನ ಬೆರಳಿನ ಮೇಲೆ ಸಡಿಲವಾಗುತ್ತ ಬಂತು.

"ಕರೆಂಟಿಲ್ವಾ ಅತ್ತಿಗೆ?"

"ಐತೆ, ತಡಿ," ಎಂದೆ.

ಅತ್ತೆ ಕರೆಂಟಿಲ್ಲ ಎಂದ ಆ ಮಧ್ಯಾಹ್ನವೂ ಇತ್ತು.